ತಪ್ಪು ಯಾರದು ಎಂಬ ಪ್ರಶ್ನೆಯ ಆಚೆಗೆ: ವಿಚ್ಛೇದನ, ಜೀವನಾಂಶ ಮತ್ತು ಮಕ್ಕಳ ಪಾಲನೆ

ಮದುವೆ ಎರಡು ಮನೆತನಗಳ ನಡುವಿನ ಸಂಬಂಧವೆಂದೇ ಎಣಿಸಲ್ಪಡುತ್ತಿದ್ದ ಕಾಲದಲ್ಲಿ, ಅದರೊಳಗೆ ಹುಟ್ಟುವ ತಕರಾರನ್ನು ಬಗೆಹರಿಸುವ ಹೊಣೆಯೂ ಮನೆತನದ ಹಿರಿಯರ, ಕುಲದ ಯಜಮಾನರ ಮತ್ತು ಊರ ಪಂಚಾಯಿತಿಯ ಹೆಗಲ ಮೇಲೆಯೇ ಇರುತ್ತಿತ್ತು. ಇಂದು ಅದೇ ತಕರಾರು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಗಂಡಹೆಂಡಿರ ಸಂಪಾದನೆ, ವಾಸದ ಮನೆ, ಮಗುವಿನ ಶಾಲೆ, ಅತ್ತೆಮಾವಂದಿರ ಆಸ್ತಿ ಎಲ್ಲವೂ ಅರ್ಜಿ, ತಕರಾರು, ಪ್ರಮಾಣಪತ್ರಗಳ ಭಾಷೆಗೆ ಇಳಿದು ಲೆಕ್ಕಕ್ಕೆ ಬರುತ್ತವೆ. ಕಳೆದ ಏಳು ದಶಕಗಳಲ್ಲಿ ಭಾರತದ ಕೌಟುಂಬಿಕ ಕಾನೂನು ನಡೆದು ಬಂದ ದಾರಿಯನ್ನು ನೋಡಿದರೆ, ಮದುವೆ ಮುರಿದದ್ದಕ್ಕೆ ತಪ್ಪು ಯಾರದು ಎಂದು ಕೇಳುತ್ತಿದ್ದ ಕಾನೂನು, ಮುರಿದ ಮೇಲೆ ಆ ಮನೆಯವರು ಹೇಗೆ ಬದುಕಬೇಕು ಎಂದು ಕೇಳುವ ಕಡೆಗೆ ನಿಧಾನವಾಗಿ ಹೊರಳುತ್ತಿರುವುದು ಕಾಣುತ್ತದೆ. ಆದರೆ ಈ ಹೊರಳುವಿಕೆ ಅರ್ಧದಾರಿಯಲ್ಲಿಯೇ ನಿಂತಿದೆ, ಮತ್ತು ಹಾಗೆ ನಿಂತದ್ದರ ಬೆಲೆಯನ್ನು ಹೆಚ್ಚಾಗಿ ತೆರುತ್ತಿರುವವರು ಮಕ್ಕಳು.

ಇಂದಿನ ಕರ್ನಾಟಕದ ನೆಲದಲ್ಲಿ 1955ಕ್ಕೆ ಮೊದಲು ಹಿಂದೂಗಳ ವಿಚ್ಛೇದನಕ್ಕೆ ಒಂದೇ ನಿಯಮ ಇರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳವರಿಗೆ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ ಅನ್ವಯಿಸಿದರೆ, ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದವರಿಗೆ ಎರಡನೆಯ ಮದುವೆಯನ್ನು ನಿಷೇಧಿಸಿ ವಿಚ್ಛೇದನಕ್ಕೆ ಅವಕಾಶ ಕೊಟ್ಟ 1949ರ ಮದ್ರಾಸ್ ಕಾಯ್ದೆ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯೊಂದನ್ನು ಜಾರಿಗೆ ತಂದು, ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನ ಕಲ್ಪಿಸುವ ಕೆಲಸವನ್ನು ಬ್ರಿಟಿಷ್ ಭಾರತಕ್ಕಿಂತ ಮೊದಲೇ ಆರಂಭಿಸಿತ್ತು. ಕರಾವಳಿಯ ಅಳಿಯಸಂತಾನ ಕಟ್ಟಿನಲ್ಲಿ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುತ್ತಿದ್ದುದರಿಂದ ಮದುವೆ ಮುರಿದ ಹೆಣ್ಣಿಗೆ ನೆಲೆ ತಪ್ಪುವ ಭಯ ಬೇರೆಡೆಗಿಂತ ಕಡಿಮೆಯಿತ್ತು. ಶಾಸ್ತ್ರದ ಪ್ರಕಾರ ಮದುವೆ ಬಿಡಿಸಲಾಗದ ಗಂಟು ಎಂದು ಹೇಳಲಾಗುತ್ತಿದ್ದರೂ, ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಸೋಡಚೀಟಿ ಬರೆಸಿಕೊಂಡು ಬಿಡುಗಡೆ ಪಡೆಯುವ ರೂಢಿಯೂ, ವಿಧವೆಯರು ಮತ್ತು ಗಂಡನನ್ನು ಬಿಟ್ಟವರು ಉಡಿಕೆಯೆಂಬ ಮರುಮದುವೆಯಾಗುವ ರೂಢಿಯೂ ಬಹುಕಾಲದಿಂದ ಬಳಕೆಯಲ್ಲಿದ್ದವು. ವಿಚ್ಛೇದನ ಹೊರಗಿನಿಂದ ಬಂದ ಪದ್ಧತಿಯೆಂಬ ಮಾತು ಕನ್ನಡ ನಾಡಿನ ದುಡಿಯುವ ಜನರ ಮಟ್ಟಿಗಂತೂ ನಿಜವಲ್ಲ.

ಈ ರೂಢಿಯನ್ನು 1955ರ ಹಿಂದೂ ವಿವಾಹ ಕಾಯ್ದೆ ಅಳಿಸಿ ಹಾಕಲಿಲ್ಲ. ಸಮುದಾಯದ ಸಂಪ್ರದಾಯವು ಒಪ್ಪಿರುವ ವಿಚ್ಛೇದನದ ಹಕ್ಕಿಗೆ ಧಕ್ಕೆಯಿಲ್ಲ ಎಂದು ಅದರ 29ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಈ ಒಂದು ಸಾಲನ್ನು ತಪ್ಪಾಗಿ ತಿಳಿದುಕೊಂಡದ್ದರಿಂದ ಆಗುತ್ತಿರುವ ಅನಾಹುತ ಸಣ್ಣದಲ್ಲ. ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ವಿಚ್ಛೇದನ ಪತ್ರ ಬರೆಸಿ, ಇಬ್ಬರ ಸಹಿಯನ್ನೂ ನಾಲ್ಕು ಜನರ ಸಾಕ್ಷಿಯನ್ನೂ ಹಾಕಿಸಿ, ನೋಟರಿಯ ಮೊಹರು ಒತ್ತಿಸಿದರೆ ಮದುವೆ ಮುಗಿಯಿತೆಂದು ಹಳ್ಳಿಗಳಲ್ಲಿ ಮಾತ್ರವಲ್ಲ, ನಗರಗಳಲ್ಲಿಯೂ ನಂಬುವವರಿದ್ದಾರೆ. ಕಾನೂನು ಕೇಳುವುದು ಕಾಗದವನ್ನಲ್ಲ, ಸಂಪ್ರದಾಯದ ಪುರಾವೆಯನ್ನು: ಆ ಸಮುದಾಯದಲ್ಲಿ ಅಂಥ ವಿಚ್ಛೇದನ ಬಹುಕಾಲದಿಂದ, ಎಡೆಬಿಡದೆ, ಎಲ್ಲರೂ ಒಪ್ಪಿ ನಡೆದು ಬಂದಿದೆ ಎಂಬುದನ್ನು ಅದನ್ನು ಮುಂದಿಡುವವರೇ ಸಾಬೀತು ಮಾಡಬೇಕು. ಸಾಬೀತಾಗದಿದ್ದರೆ ಮೊದಲ ಮದುವೆ ಊರ್ಜಿತದಲ್ಲಿಯೇ ಇರುತ್ತದೆ, ಆ ಪತ್ರವನ್ನು ನಂಬಿ ಆದ ಎರಡನೆಯ ಮದುವೆ ಅಸಿಂಧುವಾಗುತ್ತದೆ. ವರ್ಷಾನುಗಟ್ಟಲೆ ಸಂಸಾರ ಮಾಡಿದ ಎರಡನೆಯ ಹೆಂಡತಿಗೆ ಈ ಸತ್ಯ ತಿಳಿಯುವುದು ಅನೇಕ ವೇಳೆ ಗಂಡ ತೀರಿಕೊಂಡು ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ಅಥವಾ ಪಹಣಿಯಲ್ಲಿ ಹೆಸರು ಸೇರಿಸಲು ಹೋದಾಗ.

ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳ ಗತಿ ಏನು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಕರ್ನಾಟಕದಿಂದಲೇ ಹೊರಟ ಒಂದು ವ್ಯಾಜ್ಯದಲ್ಲಿ. ಅಸಿಂಧು ವಿವಾಹದ ಮಕ್ಕಳೂ ಕಾನೂನುಬದ್ಧ ಮಕ್ಕಳೇ ಎಂದು ಹಿಂದೂ ವಿವಾಹ ಕಾಯ್ದೆಯ 16ನೆಯ ಕಲಮು ಹೇಳಿದರೂ, ಪಿತ್ರಾರ್ಜಿತ ಆಸ್ತಿಯ ಮಾತು ಬಂದಾಗ ಬೇರೆ ಬೇರೆ ತೀರ್ಪುಗಳು ಬೇರೆ ಬೇರೆ ದಾರಿ ಹಿಡಿದಿದ್ದವು. 2011ರಲ್ಲಿ ವಿಸ್ತೃತ ಪೀಠಕ್ಕೆ ಹೋದ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು ಇತ್ಯರ್ಥಪಡಿಸಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬಹುದಾಗಿದ್ದ ಪಾಲಿನಲ್ಲಿ ಈ ಮಕ್ಕಳಿಗೂ ಹಕ್ಕಿದೆ, ಆದರೆ ಹುಟ್ಟಿನಿಂದಲೇ ಅವಿಭಕ್ತ ಕುಟುಂಬದ ದಾಯಾದಿಗಳಾಗುವ ಹಕ್ಕು ಅವರಿಗಿಲ್ಲ ಎಂಬುದು ಅದರ ಸಾರ. ತಂದೆತಾಯಿಯ ತಪ್ಪಿಗೆ ಮಕ್ಕಳು ದಂಡ ತೆರಬಾರದು ಎಂಬ ತತ್ವ ಇಲ್ಲಿ ಪೂರ್ತಿಯಾಗಿ ಅಲ್ಲದಿದ್ದರೂ ಬಹುಮಟ್ಟಿಗೆ ಗೆದ್ದಿದೆ. ಬಾಲ್ಯವಿವಾಹದ ವಿಚಾರದಲ್ಲಿ ರಾಜ್ಯ ಇನ್ನೂ ದೃಢವಾದ ಹೆಜ್ಜೆಯಿಟ್ಟಿದೆ: 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹವನ್ನು ರದ್ದುಪಡಿಸಲು ಸಾಮಾನ್ಯವಾಗಿ ಆ ಮಗುವೇ ನ್ಯಾಯಾಲಯಕ್ಕೆ ಹೋಗಬೇಕಾಗಿದ್ದರೆ, ಕರ್ನಾಟಕದ ತಿದ್ದುಪಡಿಯು ಅಂಥ ಮದುವೆಯನ್ನು ಆರಂಭದಿಂದಲೇ ಅಸಿಂಧು ಎಂದು ಸಾರಿದೆ.

ವಿಚ್ಛೇದನಕ್ಕೆ 1955ರ ಕಾಯ್ದೆ ಕೊಟ್ಟ ಕಾರಣಗಳು ಬಹುತೇಕ ದೋಷವನ್ನು ಆಧರಿಸಿದವು. ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ತೀವ್ರ ಮಾನಸಿಕ ಕಾಯಿಲೆ, ಸಂನ್ಯಾಸ, ಏಳು ವರ್ಷ ಸುದ್ದಿಯಿಲ್ಲದಿರುವುದು ಇವು ಇಂದು 13ನೆಯ ಕಲಮಿನಲ್ಲಿರುವ ಮುಖ್ಯ ಕಾರಣಗಳು. ಇವುಗಳಲ್ಲಿ ಕ್ರೌರ್ಯ ವಿಚ್ಛೇದನದ ಕಾರಣವಾಗಿ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಕ್ರೌರ್ಯ ಎಂದರೇನೆಂದು ಕಾಯ್ದೆ ಹೇಳುವುದಿಲ್ಲ, ಆದ್ದರಿಂದ ಅದರ ವ್ಯಾಪ್ತಿ ನ್ಯಾಯಾಲಯಗಳ ವ್ಯಾಖ್ಯಾನದಿಂದ ಬೆಳೆಯುತ್ತಾ ಹೋಗಿ, ಹೊಡೆತ ಬಡಿತದ ಜೊತೆಗೆ ನಿರಂತರ ಅವಮಾನ, ಸುಳ್ಳು ಆರೋಪ, ಕಾರಣವಿಲ್ಲದ ದೀರ್ಘಕಾಲದ ನಿರ್ಲಕ್ಷ್ಯಗಳನ್ನೂ ಒಳಗೊಳ್ಳುವ ಮಾನಸಿಕ ಕ್ರೌರ್ಯದ ಕಲ್ಪನೆ ರೂಪುಗೊಂಡಿತು. ಹಿಂಸೆಯನ್ನು ಮೌನವಾಗಿ ನುಂಗುತ್ತಿದ್ದವರಿಗೆ ಇದು ದೊಡ್ಡ ಆಸರೆಯಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಒಟ್ಟಿಗೆ ಬಾಳಲಾಗದೆ ದೂರವಾಗಲು ಬಯಸುವ, ಪರಸ್ಪರ ಹಿಂಸೆಯೇನೂ ನಡೆಯದ ದಂಪತಿಗಳಲ್ಲಿಯೂ ಒಬ್ಬರು ಒಪ್ಪದಿದ್ದರೆ, ಮತ್ತೊಬ್ಬರು ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತು ಮಾಡದೆ ಬಿಡುಗಡೆಯಿಲ್ಲ. ಹೀಗಾಗಿ ಅರ್ಜಿಯಲ್ಲಿ ಹತ್ತು ವರ್ಷದ ಸಂಸಾರದ ಪ್ರತಿ ಜಗಳವೂ ಆರೋಪವಾಗಿ ಮೂಡುತ್ತದೆ, ಎದುರಿನವರ ತಕರಾರಿನಲ್ಲಿ ಅದಕ್ಕಿಂತ ಕಟುವಾದ ಮಾತುಗಳು ಬರುತ್ತವೆ, ಪಾಟೀಸವಾಲಿನ ಹೊತ್ತಿಗೆ ಉಳಿದಿದ್ದ ಅಲ್ಪಸ್ವಲ್ಪ ಮರ್ಯಾದೆಯೂ ಹೋಗಿರುತ್ತದೆ. ಇಷ್ಟಾದ ಮೇಲೆ ಇದೇ ಇಬ್ಬರು ಮಗುವಿನ ಜ್ವರ, ಶುಲ್ಕ, ಪರೀಕ್ಷೆಗಳ ಬಗ್ಗೆ ಇನ್ನೂ ಹದಿನೈದು ವರ್ಷ ಮಾತನಾಡಿಕೊಳ್ಳಬೇಕೆಂದು ನಿರೀಕ್ಷಿಸಲಾಗುತ್ತದೆ.

ಇದಕ್ಕೆ ಪರಿಹಾರವೆಂಬಂತೆ 1976ರಲ್ಲಿಯೇ ಬಂದದ್ದು ಪರಸ್ಪರ ಒಪ್ಪಿಗೆಯ ವಿಚ್ಛೇದನ. ದಂಪತಿಗಳು ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿದ್ದು, ಒಟ್ಟಿಗೆ ಬಾಳಲು ಸಾಧ್ಯವಾಗದೆ, ಬಿಡುಗಡೆಗೆ ಇಬ್ಬರೂ ಒಪ್ಪಿದ್ದರೆ ಕೂಡಿ ಅರ್ಜಿ ಸಲ್ಲಿಸಬಹುದು. ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ಅದೇ ಇಚ್ಛೆಯನ್ನು ತಿಳಿಸಿದರೆ ನ್ಯಾಯಾಲಯ ಡಿಕ್ರಿ ಕೊಡುತ್ತದೆ. ಬೇರೆಯಾಗಿ ಬದುಕುವುದೆಂದರೆ ಬೇರೆ ಮನೆಯಲ್ಲಿಯೇ ಇರಬೇಕೆಂದಲ್ಲ, ಒಂದೇ ಸೂರಿನಡಿ ಇದ್ದೂ ಗಂಡಹೆಂಡಿರಾಗಿ ಬಾಳದಿದ್ದರೆ ಸಾಕು ಎಂದೂ, ಡಿಕ್ರಿ ಆಗುವವರೆಗೆ ಒಪ್ಪಿಗೆಯನ್ನು ಯಾರು ಬೇಕಾದರೂ ಹಿಂತೆಗೆದುಕೊಳ್ಳಬಹುದೆಂದೂ ಸುಪ್ರೀಂ ಕೋರ್ಟು 1991ರಲ್ಲಿ ಸ್ಪಷ್ಟಪಡಿಸಿತು. ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ರಾಜಿಯ ಎಲ್ಲ ಪ್ರಯತ್ನ ವಿಫಲವಾಗಿ ಜೀವನಾಂಶ, ಮಕ್ಕಳು ಮುಂತಾದ ಎಲ್ಲ ವಿಷಯಗಳೂ ನಿಜವಾಗಿ ಇತ್ಯರ್ಥವಾಗಿದ್ದರೆ ನ್ಯಾಯಾಲಯ ಅದನ್ನು ಬಿಡಬಹುದೆಂದು 2017ರಲ್ಲಿ ತೀರ್ಪಾಯಿತು. ಮದುವೆ ಮತ್ತೆ ಕೂಡಲಾರದಷ್ಟು ಮುರಿದುಹೋಗಿದೆ ಎಂಬುದನ್ನೇ ಒಂದು ಕಾರಣವಾಗಿ ಸೇರಿಸಬೇಕೆಂದು ಕಾನೂನು ಆಯೋಗ 1978ರ ತನ್ನ 71ನೆಯ ವರದಿಯಲ್ಲಿಯೂ 2009ರ 217ನೆಯ ವರದಿಯಲ್ಲಿಯೂ ಶಿಫಾರಸು ಮಾಡಿದೆ. ಅದಕ್ಕಾಗಿ ತಂದ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವಾಗಿಯೂ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು. 2023ರ ಮೇ 1ರಂದು ಸಂವಿಧಾನ ಪೀಠವು, ಸಂವಿಧಾನದ 142ನೆಯ ವಿಧಿಯಡಿ ಸುಪ್ರೀಂ ಕೋರ್ಟು ಈ ಕಾರಣಕ್ಕೆ ವಿಚ್ಛೇದನ ಕೊಡಬಹುದೆಂದು ಹೇಳಿತು. ಆದರೆ ಆ ಅಧಿಕಾರ ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ. ಹಾವೇರಿಯ ಅಥವಾ ಕೋಲಾರದ ನ್ಯಾಯಾಧೀಶರಿಗೆ ಇಲ್ಲ. ಅಷ್ಟು ದೂರ ಹೋಗುವ ಶಕ್ತಿಯಿದ್ದವರಿಗೆ ಮಾತ್ರ ದೊರೆಯುವ ಪರಿಹಾರವನ್ನು ಪರಿಹಾರವೆಂದು ಕರೆಯುವುದು ಕಷ್ಟ. ಇದನ್ನು ಸಂಸತ್ತೇ ಶಾಸನವಾಗಿ ಮಾಡಬೇಕು, ಅದರ ಜೊತೆಯಲ್ಲಿ ಆದಾಯವಿಲ್ಲದ ಹೆಂಡತಿಗೆ ಆರ್ಥಿಕ ರಕ್ಷಣೆಯನ್ನೂ ಬರೆದಿಡಬೇಕು.

ಬೇರೆ ಧರ್ಮಗಳ ವೈಯಕ್ತಿಕ ಕಾನೂನುಗಳಲ್ಲಿಯೂ ಇದೇ ದಿಕ್ಕಿನ ಚಲನೆಯಿದೆ. 1869ರ ವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿದ್ದರೆ ಹೆಂಡತಿ ವ್ಯಭಿಚಾರದ ಜೊತೆಗೆ ಕ್ರೌರ್ಯದಂಥ ಮತ್ತೊಂದು ದೋಷವನ್ನೂ ತೋರಿಸಬೇಕಾಗಿತ್ತು. ಈ ಅಸಮಾನತೆ ತೊಲಗಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಅವರಿಗೂ ದೊರೆತದ್ದು 2001ರಲ್ಲಿ. ಮುಸ್ಲಿಂ ಸ್ತ್ರೀಯರಿಗೆ ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆಯುವ ಹಕ್ಕನ್ನು 1939ರ ಕಾಯ್ದೆ ಕೊಟ್ಟಿತ್ತು. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟು 2017ರಲ್ಲಿ ರದ್ದುಪಡಿಸಿತು, 2019ರ ಕಾಯ್ದೆ ಅದನ್ನು ಅಪರಾಧವಾಗಿಸಿತು. 1985ರ ಶಾ ಬಾನೊ ತೀರ್ಪಿನಿಂದ ಆರಂಭವಾದ ಜೀವನಾಂಶದ ವಿವಾದದಲ್ಲಿ, ಎಲ್ಲ ಧರ್ಮದವರಿಗೂ ಅನ್ವಯಿಸುವ ಸಾಮಾನ್ಯ ಕಾನೂನಿನಡಿ ವಿಚ್ಛೇದಿತ ಮುಸ್ಲಿಂ ಸ್ತ್ರೀಯೂ ಜೀವನಾಂಶ ಕೇಳಬಹುದೆಂದು 2024ರ ಜುಲೈಯಲ್ಲಿ ಮತ್ತೊಮ್ಮೆ ಖಚಿತವಾಯಿತು. ಧರ್ಮದ ಹಂಗಿಲ್ಲದೆ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದ್ದರೂ, ಮದುವೆಗೆ ಮೂವತ್ತು ದಿನ ಮೊದಲು ನೋಟಿಸು ಪ್ರಕಟಿಸಬೇಕೆಂಬ ಅದರ ನಿಯಮ ಅಂತರ್ಜಾತಿಯ, ಅಂತರ್ಧರ್ಮೀಯ ಜೋಡಿಗಳನ್ನು ಇಂದಿಗೂ ಅಪಾಯಕ್ಕೆ ಒಡ್ಡುತ್ತಿದೆ.

ಈ ವ್ಯಾಜ್ಯಗಳನ್ನೆಲ್ಲ ಸಿವಿಲ್ ಮೊಕದ್ದಮೆಗಳ ರಾಶಿಯಿಂದ ಬೇರ್ಪಡಿಸಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಬೇಕು, ಬಯಸಿದರೆ ವಿಚಾರಣೆ ಬಾಗಿಲು ಮುಚ್ಚಿ ನಡೆಯಬೇಕು, ಸಾಕ್ಷ್ಯದ ಕಟ್ಟುನಿಟ್ಟಿನ ನಿಯಮಗಳು ಸಡಿಲವಾಗಿರಬೇಕು, ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಾಗದೆ ನ್ಯಾಯಾಲಯದ ಅನುಮತಿಗೆ ಒಳಪಟ್ಟಿರಬೇಕು ಎಂಬುದು ಅದರ ಆಶಯ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಕೌಟುಂಬಿಕ ನ್ಯಾಯಾಲಯಗಳ ಜೊತೆಯಲ್ಲಿಯೇ 2007ರಿಂದ ಮಧ್ಯಸ್ಥಿಕೆ ಕೇಂದ್ರವೂ ಕೆಲಸ ಮಾಡುತ್ತಿದೆ. ಮಧ್ಯಸ್ಥಿಕೆಯೆಂದರೆ ತರಬೇತಿ ಪಡೆದ ಮೂರನೆಯ ವ್ಯಕ್ತಿಯೊಬ್ಬರು ಇಬ್ಬರನ್ನೂ ಕೂರಿಸಿ, ಒಟ್ಟಿಗೆ ಮತ್ತು ಬೇರೆ ಬೇರೆಯಾಗಿ ಮಾತನಾಡಿಸಿ, ತೀರ್ಪು ಕೊಡದೆ ಅವರಿಂದಲೇ ಒಪ್ಪಂದ ಹೊರಡಿಸುವ ಕ್ರಮ. ಅಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಮಗುವಿನ ವಿಷಯದಲ್ಲಿ ಹೊರಗಿನ ತೀರ್ಪಿಗಿಂತ ಇಂಥ ಒಪ್ಪಂದ ಹೆಚ್ಚು ಬಾಳುತ್ತದೆ, ಏಕೆಂದರೆ ಅದನ್ನು ನಡೆಸಬೇಕಾದವರೇ ಅದನ್ನು ಬರೆದಿರುತ್ತಾರೆ. ಆದರೆ ಹಿಂಸೆ ನಡೆದಿರುವ ಮನೆಯಲ್ಲಿ ರಾಜಿಯ ಹೆಸರಿನಲ್ಲಿ ಹೆಣ್ಣನ್ನು ಮತ್ತೆ ಅದೇ ಮನೆಗೆ ಕಳುಹಿಸುವುದು ಮಧ್ಯಸ್ಥಿಕೆಯಲ್ಲ; ಈ ವ್ಯತ್ಯಾಸ ತಿಳಿಯದ ಸಲಹೆಗಾರರಿಂದ ಆಗುವ ಹಾನಿ ಜೀವಕ್ಕೇ ಮುಳುವಾಗಬಹುದು.

ಹಣದ ಪ್ರಶ್ನೆ ಬಂದಾಗ ಕಾನೂನು ಹಲವು ಬಾಗಿಲುಗಳನ್ನು ತೆರೆದಿಟ್ಟಿದೆ. ಹಿಂದೂ ವಿವಾಹ ಕಾಯ್ದೆಯಡಿ ಮೊಕದ್ದಮೆ ನಡೆಯುವಾಗ ಮಧ್ಯಂತರ ಜೀವನಾಂಶವನ್ನೂ, ಮುಗಿದಾಗ ಶಾಶ್ವತ ಜೀವನಾಂಶವನ್ನೂ ಗಂಡ ಅಥವಾ ಹೆಂಡತಿ ಯಾರು ಬೇಕಾದರೂ ಕೇಳಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಾಗಿದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿರುವ ನಿಯಮದಡಿ ಹೆಂಡತಿ, ಮಕ್ಕಳು ಮತ್ತು ವೃದ್ಧ ತಂದೆತಾಯಿ ಜೀವನಾಂಶ ಪಡೆಯಬಹುದು. ಇದರಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿಲ್ಲ ಎಂದಿದ್ದ ಮಿತಿ ತೊಲಗಿದ್ದು 2001ರಲ್ಲಷ್ಟೇ. ಕೊಡಬೇಕಾದವರು ಆದಾಯವನ್ನು ಮರೆಮಾಚುವುದು ಈ ಮೊಕದ್ದಮೆಗಳ ಹಳೆಯ ರೋಗ. ಇದಕ್ಕಾಗಿ ಸುಪ್ರೀಂ ಕೋರ್ಟು 2020ರ ನವೆಂಬರ್ 4ರ ತೀರ್ಪಿನಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ಸಂಬಳ, ಬಾಡಿಗೆ, ಬ್ಯಾಂಕ್ ಖಾತೆ, ವಿಮೆ, ಸಾಲದ ಕಂತು, ಒಡವೆ, ವಾಹನ, ಮಗುವಿನ ಶಾಲಾ ಶುಲ್ಕ, ಔಷಧಿಯ ಖರ್ಚು ಹೀಗೆ ಒಂದು ಮನೆಯ ಬದುಕೇ ಆ ನಮೂನೆಯ ಕಾಲಂಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಕೃಷಿ ಕುಟುಂಬಗಳಿಗೆ, ಬಡತನದ ರೇಖೆಗಿಂತ ಕೆಳಗಿರುವವರಿಗೆ ಬೇರೆ ರೀತಿ ನೋಡಬೇಕೆಂಬ ವಿವೇಕವೂ ಅದರಲ್ಲಿದೆ. ಜೀವನಾಂಶವನ್ನು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕೆಂದು ಅದೇ ತೀರ್ಪು ಹೇಳಿದ್ದರಿಂದ, ವಾಯಿದೆಯ ಮೇಲೆ ವಾಯಿದೆ ಪಡೆದು ಎದುರಿನವರನ್ನು ದಣಿಸುವ ತಂತ್ರಕ್ಕೆ ಸಿಗುತ್ತಿದ್ದ ಲಾಭ ಕಡಿಮೆಯಾಗಿದೆ.

ಆದರೆ ಜೀವನಾಂಶ ಬೇರೆ, ಪಾಲು ಬೇರೆ. ಮದುವೆಯಾದ ಮೇಲೆ ಇಬ್ಬರ ದುಡಿಮೆಯಿಂದ ಕಟ್ಟಿದ ಮನೆ ಗಂಡನ ಹೆಸರಿನಲ್ಲಿದ್ದರೆ, ವಿಚ್ಛೇದನದ ಹೊತ್ತಿಗೆ ಅದನ್ನು ಇಬ್ಬರಿಗೂ ಹಂಚುವ ಸಾಮಾನ್ಯ ನಿಯಮ ಭಾರತದ ಕಾನೂನಿನಲ್ಲಿಲ್ಲ. ನೆರೆಯ ಗೋವಾದಲ್ಲಿ ಪೋರ್ಚುಗೀಸರ ಕಾಲದ 1867ರ ನಾಗರಿಕ ಸಂಹಿತೆಯ ಪ್ರಕಾರ, ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ದಂಪತಿಯ ಆಸ್ತಿ ಇಬ್ಬರಿಗೂ ಸೇರಿದ್ದು. ಕಾರವಾರದ ಗಡಿ ದಾಟಿ ಈಚೆಗೆ ಬಂದರೆ ಆ ರಕ್ಷಣೆಯಿಲ್ಲ. ಗೃಹಿಣಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಕಾಣಿಕೆಯೇ ಎಂದು ಮದ್ರಾಸ್ ಹೈಕೋರ್ಟು 2023ರ ಜೂನ್‌ನಲ್ಲಿ ಒಪ್ಪಿ ಆಕೆಗೆ ಸಮಪಾಲು ಕೊಟ್ಟದ್ದು ಮಹತ್ವದ ತೀರ್ಪಾದರೂ, ಅದು ಶಾಸನದ ಸ್ಥಾನ ತುಂಬಲಾರದು. ವಾಸದ ಮನೆಯ ಮಟ್ಟಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಣ್ಣಿನ ಬೆನ್ನಿಗಿದೆ: ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ನಡೆಸಿದ ಮನೆಯಿಂದ ಆಕೆಯನ್ನು ಕಾನೂನಿನ ಕ್ರಮವಿಲ್ಲದೆ ಹೊರಹಾಕುವಂತಿಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯನ್ನು ಬಳಸಿ ಅತ್ತೆಮಾವಂದಿರು ಸೊಸೆಯನ್ನು ತೆರವು ಮಾಡಿಸಲು ಹೊರಟಿದ್ದ ಬೆಂಗಳೂರಿನ ಪ್ರಕರಣವೊಂದರಲ್ಲಿ, ಒಂದು ಕಾಯ್ದೆಯ ರಕ್ಷಣೆ ಇನ್ನೊಂದರ ರಕ್ಷಣೆಯನ್ನು ನುಂಗಬಾರದೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆ ತೆರವಿನ ಆದೇಶವನ್ನು ರದ್ದುಪಡಿಸಿತು. ವೃದ್ಧರ ನೆಮ್ಮದಿ ಮತ್ತು ಸೊಸೆಯ ನೆಲೆ ಎರಡೂ ಉಳಿಯಬೇಕಾದ ಮೌಲ್ಯಗಳೇ ಆಗಿರುವಾಗ ಈ ತೂಗಾಟ ಸುಲಭದ್ದಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಮಗುವಿನ ಪ್ರಶ್ನೆ. ಕಾನೂನು ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಬಳಸುತ್ತದೆ: ಮಗುವಿನ ಪರವಾಗಿ ನಿರ್ಧಾರ ಕೈಗೊಳ್ಳುವ, ಅದರ ಆಸ್ತಿ ನೋಡಿಕೊಳ್ಳುವ ಅಧಿಕಾರ ಪೋಷಕತ್ವ, ಮಗು ದಿನನಿತ್ಯ ಯಾರ ಬಳಿ ಇರುತ್ತದೆ ಎಂಬುದು ಸುಪರ್ದಿ. 1956ರ ಹಿಂದೂ ಪೋಷಕತ್ವ ಕಾಯ್ದೆಯ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ; ಐದು ವರ್ಷದೊಳಗಿನ ಮಗುವಿನ ಸುಪರ್ದಿ ಮಾತ್ರ ಸಾಮಾನ್ಯವಾಗಿ ತಾಯಿಗೆ. ತನ್ನ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಪೋಷಕಿಯಾಗಿ ಸಹಿ ಹಾಕಿದ ಲೇಖಕಿ ಗೀತಾ ಹರಿಹರನ್ ಅವರಿಗೆ ತಂದೆಯ ಸಹಿ ತರಬೇಕೆಂದು ಹೇಳಿದಾಗ, ಆ ನಿಯಮವೇ ಪ್ರಶ್ನೆಗೊಳಗಾಯಿತು. 1999ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ರದ್ದುಮಾಡದೆ, ಅವನ ನಂತರ ಎಂದರೆ ಅವನು ಸತ್ತ ನಂತರ ಎಂದು ಮಾತ್ರವಲ್ಲ, ಅವನು ದೂರವಿರುವಾಗ, ಮಗುವಿನ ಹೊಣೆ ಹೊರದಿರುವಾಗ ಎಂದೂ ಅರ್ಥಮಾಡಬೇಕೆಂದು ವ್ಯಾಖ್ಯಾನಿಸಿತು. ತಾಯಂದಿರಿಗೆ ಇದರಿಂದ ದೊಡ್ಡ ಅನುಕೂಲವಾದರೂ, ಶಾಸನದ ಸಾಲಿನಲ್ಲಿ ತಾಯಿ ಇಂದಿಗೂ ಎರಡನೆಯವಳೇ. 2016ರ ಕೊನೆಯಲ್ಲಿ ನಿಯಮ ಬದಲಾಗಿ ಮಗುವಿನ ಪಾಸ್‌ಪೋರ್ಟಿಗೆ ತಂದೆತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದು ಆದದ್ದು, ಒಂಟಿ ತಾಯಂದಿರ ಮಟ್ಟಿಗೆ ಅನೇಕ ತೀರ್ಪುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದ ಬದಲಾವಣೆ.

ಸುಪರ್ದಿಯ ತೀರ್ಪಿನಲ್ಲಿ ತಂದೆಯ ಹಕ್ಕಾಗಲಿ ತಾಯಿಯ ಹಕ್ಕಾಗಲಿ ಮುಖ್ಯವಲ್ಲ, ಮಗುವಿನ ಕ್ಷೇಮವೇ ಪರಮೋಚ್ಚ ಎಂಬುದನ್ನು ಕಾಯ್ದೆಯೂ ನ್ಯಾಯಾಲಯಗಳೂ ಮತ್ತೆ ಮತ್ತೆ ಹೇಳಿವೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಕೇಳಬಹುದೆಂದು 1890ರಷ್ಟು ಹಳೆಯ ಪೋಷಕತ್ವ ಕಾಯ್ದೆಯೇ ಹೇಳುತ್ತದೆ. ಆದರೂ ನಡೆಯುವುದೇನೆಂದರೆ, ಮಗು ಒಬ್ಬರ ಪಾಲಾಗಿ ಇನ್ನೊಬ್ಬರು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಕೆಲವು ತಾಸು ಭೇಟಿಯಾಗುವ ನೆಂಟರಾಗಿಬಿಡುತ್ತಾರೆ. ಆ ಭೇಟಿ ಅನೇಕ ವೇಳೆ ನ್ಯಾಯಾಲಯದ ಆವರಣದಲ್ಲಿಯೇ ನಡೆಯುತ್ತದೆ; ಸುತ್ತ ಕಡತ ಹಿಡಿದ ಅಪರಿಚಿತರು, ಬಾಗಿಲ ಬಳಿ ಕಾಯುತ್ತಿರುವ ಇನ್ನೊಂದು ಕಡೆಯ ಬಂಧುಗಳು, ಮಧ್ಯೆ ಒಂದು ತಾಸಿನಲ್ಲಿ ತಂದೆತನವನ್ನೋ ತಾಯ್ತನವನ್ನೋ ಮುಗಿಸಿ ಏಳಬೇಕಾದ ಒತ್ತಡ. ಜೀವನಾಂಶ ಬಂದಿಲ್ಲವೆಂದು ಭೇಟಿ ತಪ್ಪಿಸುವವರು ಒಂದು ಕಡೆ, ಮಗುವನ್ನು ತೋರಿಸಿಲ್ಲವೆಂದು ಜೀವನಾಂಶ ನಿಲ್ಲಿಸುವವರು ಇನ್ನೊಂದು ಕಡೆ ಇರುವುದನ್ನು ಈ ನ್ಯಾಯಾಲಯಗಳ ವಕೀಲರು ದಿನವೂ ಕಾಣುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಎರಡೂ ಮಗುವಿನ ಹಕ್ಕುಗಳು. ಒಂದಕ್ಕೆ ಇನ್ನೊಂದನ್ನು ಒತ್ತೆಯಿಡಲು ಯಾರಿಗೂ ಅಧಿಕಾರವಿಲ್ಲ. ಒಪ್ಪಂದದಲ್ಲಿ ಹೆಂಡತಿ ತನ್ನ ಜೀವನಾಂಶವನ್ನು ಬಿಟ್ಟುಕೊಟ್ಟರೂ ಮಗುವಿನ ಜೀವನಾಂಶವನ್ನು ಬಿಟ್ಟುಕೊಡುವ ಹಕ್ಕು ಅವಳಿಗಿಲ್ಲ ಎಂಬುದೂ ಇದೇ ಕಾರಣಕ್ಕೆ.

ಬೇರೆ ದಾರಿಯಿದೆ ಎಂಬುದನ್ನು ಕರ್ನಾಟಕ ಹೈಕೋರ್ಟೇ 2013ರಲ್ಲಿ ತೋರಿಸಿತು. ಮಗುವಿನ ಸಮರ್ಪಕ ಬೆಳವಣಿಗೆಗೆ ತಂದೆತಾಯಿ ಇಬ್ಬರೂ ಬೇಕೆಂದು ಕಂಡುಕೊಂಡ ದ್ವಿಸದಸ್ಯ ಪೀಠವೊಂದು, ಪ್ರತಿ ವರ್ಷ ಜನವರಿ 1ರಿಂದ ಜೂನ್ 30ರವರೆಗೆ ಮಗು ತಂದೆಯ ಬಳಿಯೂ ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿಯೂ ಇರಬೇಕೆಂದು ಆದೇಶಿಸಿತು. ಒಬ್ಬರ ಬಳಿಯಿರುವಾಗ ಇನ್ನೊಬ್ಬರು ಶನಿವಾರ ಭಾನುವಾರಗಳಂದು ಭೇಟಿಯಾಗಬಹುದು, ದೂರವಾಣಿಯಲ್ಲಿ ಮತ್ತು ವಿಡಿಯೊ ಕರೆಯಲ್ಲಿ ಮಾತನಾಡಬಹುದು, ವಿದ್ಯಾಭ್ಯಾಸದ ಖರ್ಚನ್ನು ಇಬ್ಬರೂ ಸಮವಾಗಿ ಭರಿಸಬೇಕು ಎಂದೂ ಅದು ಹೇಳಿತು. ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಸುಪರ್ದಿಯನ್ನು ಶಾಸನದಲ್ಲಿಯೇ ಸೇರಿಸಬೇಕು, ತಂದೆತಾಯಿಯರನ್ನು ಸಮಾನ ಪೋಷಕರನ್ನಾಗಿ ಮಾಡಬೇಕು ಎಂದು ಶಿಫಾರಸು ಮಾಡಿತು. ಆ ಶಿಫಾರಸು ಇನ್ನೂ ಕಾಯ್ದೆಯಾಗಿಲ್ಲ. ಆರಾರು ತಿಂಗಳ ಹಂಚಿಕೆ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ ಎಂಬುದು ನಿಜ. ಎರಡು ಮನೆಗಳೂ ಒಂದೇ ಶಾಲೆಗೆ ಹತ್ತಿರವಿರಬೇಕು, ಮಗು ತೀರ ಎಳೆಯದಾಗಿರಬಾರದು, ಮನೆಯಲ್ಲಿ ಹಿಂಸೆಯ ಚರಿತ್ರೆ ಇರಬಾರದು. ಆದರೆ ಆ ಆದೇಶದ ಹಿಂದಿರುವ ವಿಚಾರ, ಅಂದರೆ ಗಂಡಹೆಂಡಿರ ಸಂಬಂಧ ಕಡಿದರೂ ತಂದೆತಾಯಿಯರ ಕರ್ತವ್ಯ ಕಡಿಯುವುದಿಲ್ಲ ಎಂಬುದು, ಎಲ್ಲ ಪ್ರಕರಣಗಳಿಗೂ ತಳಹದಿಯಾಗಬೇಕಾದದ್ದು.

ಹೊರದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ತೊಡಕು ಇಮ್ಮಡಿಯಾಗುತ್ತದೆ. ಬೆಂಗಳೂರಿನಲ್ಲಿ ಹಿಂದೂ ಪದ್ಧತಿಯಂತೆ ಮದುವೆಯಾಗಿ ಅಮೆರಿಕದಲ್ಲಿ ಒಬ್ಬರೇ ಪಡೆದ ವಿಚ್ಛೇದನಕ್ಕೆ ಇಲ್ಲಿ ತಾನಾಗಿಯೇ ಮಾನ್ಯತೆ ಸಿಗುವುದಿಲ್ಲ. ಮದುವೆ ನಡೆದ ಕಾನೂನಿನಲ್ಲಿರುವ ಕಾರಣಕ್ಕೇ ಅದು ಸಿಕ್ಕಿರಬೇಕು, ಇಲ್ಲವೇ ಇನ್ನೊಬ್ಬರೂ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿ ವಿಚ್ಛೇದನಕ್ಕೆ ಸಮ್ಮತಿಸಿರಬೇಕು ಎಂಬುದು 1991ರ ಸುಪ್ರೀಂ ಕೋರ್ಟ್ ತೀರ್ಪಿನ ತಿರುಳು. ಒಬ್ಬ ಪೋಷಕರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮಗುವನ್ನು ದೇಶ ದಾಟಿಸಿದಾಗ ಅದನ್ನು ಮರಳಿ ಕಳುಹಿಸಲು ಇರುವ 1980ರ ಹೇಗ್ ಒಡಂಬಡಿಕೆಗೆ ಭಾರತ ಸೇರಿಲ್ಲ. ಆದ್ದರಿಂದ ಇಲ್ಲಿಗೆ ಬಂದ ಮಗುವಿನ ವಿಷಯದಲ್ಲಿ ವಿದೇಶಿ ಆದೇಶಕ್ಕಿಂತ ಮಗುವಿನ ಕ್ಷೇಮವನ್ನು ಇಲ್ಲಿನ ಹೈಕೋರ್ಟುಗಳು ಪ್ರತ್ಯೇ‍ಕವಾಗಿ ತೂಗಿ ನೋಡುತ್ತವೆ. ಹಿಂಸೆಯಿಂದ ತಪ್ಪಿಸಿಕೊಂಡು ತವರಿಗೆ ಬಂದ ತಾಯಂದಿರಿಗೆ ಇದು ರಕ್ಷಣೆ, ಮಗುವಿನ ಮುಖ ಕಾಣದೆ ವರ್ಷಗಳನ್ನು ಕಳೆಯುವ ತಂದೆಯರಿಗೆ ಇದು ಶಿಕ್ಷೆ. ಎರಡೂ ನಿಜವಾದ್ದರಿಂದ ಒಡಂಬಡಿಕೆಗೆ ಸೇರುವ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಶಾಸನ ಬದಲಾಗುವವರೆಗೆ ಕಾಯದೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಮಗುವಿನ ಬಗ್ಗೆ ಭೇಟಿಗೆ ಅವಕಾಶವಿದೆ ಎಂಬ ಒಂದು ಸಾಲು ಬರೆದು ಮುಗಿಸುವ ಬದಲು, ದಸರಾ ಮತ್ತು ಬೇಸಿಗೆ ರಜೆ ಯಾರ ಬಳಿ, ಹಬ್ಬಗಳು ಎಲ್ಲಿ, ಶುಲ್ಕ ಮತ್ತು ಆಸ್ಪತ್ರೆಯ ಖರ್ಚು ಯಾವ ಪ್ರಮಾಣದಲ್ಲಿ, ಶಾಲೆ ಬದಲಿಸಲು ಮತ್ತು ವಿದೇಶಕ್ಕೆ ಕರೆದೊಯ್ಯಲು ಯಾರ ಒಪ್ಪಿಗೆ, ಎರಡೂ ಕಡೆಯ ಅಜ್ಜ ಅಜ್ಜಿಯರನ್ನು ಕಾಣುವುದು ಯಾವಾಗ ಎಂಬುದನ್ನೆಲ್ಲ ವಿವರವಾಗಿ ಬರೆದು ಅದನ್ನು ಡಿಕ್ರಿಯ ಭಾಗವಾಗಿಸುವಂತೆ ದಂಪತಿಗಳು ತಮ್ಮ ವಕೀಲರನ್ನು ಕೇಳಬೇಕು. ಅಸ್ಪಷ್ಟವಾದ ಒಂದು ಸಾಲು ಮುಂದೆ ಹತ್ತು ಅರ್ಜಿಗಳಿಗೆ ದಾರಿಯಾಗುತ್ತದೆ. ವಕೀಲರ ಶುಲ್ಕ ಕೊಡಲಾಗದವರು ಈ ಕಾರಣಕ್ಕೆ ಛಾಪಾ ಕಾಗದದ ವಿಚ್ಛೇದನಕ್ಕೆ ಒಪ್ಪಿಕೊಳ್ಳಬೇಕಾಗಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು, ಕಡಿಮೆ ಆದಾಯದ ಪುರುಷರಿಗೂ ಅದು ದೊರೆಯುತ್ತದೆ. ಅದಕ್ಕಾಗಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೇ 15100 ಸಂಖ್ಯೆಗೆ ಕರೆ ಮಾಡಬಹುದು.